ಕೈ ದಾರಿ

ನೀಲವ್ವತ್ತೆಗೆ ನೋವಿನ ಮಾತ್ರೆ ನುಂಗಿದರೆ ವಾಂತಿಯಾಗುತ್ತಿತ್ತು. ಸೂಜಿ ಚುಚ್ಚಲು ನರ ಸಿಗುತ್ತಿರಲಿಲ್ಲ. ತೋಳಿಗೆ ಅಂಟಿಸಿದ ನೋವಿನ ಔಷಧದ ಪಟ್ಟಿ ಕೆಲಸ ಶುರುಮಾಡುವುದು ನಾಳೆ ಬೆಳಿಗ್ಗೆ. ಮೂಳೆಯ ಕ್ಯಾನ್ಸರ್ ಅಲ್ಲಿಯವರೆಗೆ ಸುಮ್ಮನಿರುತ್ತದೆಯೇ?

“ಹಂಗಾರ ಕೈ ದಾರೀಲೆ ಕೊಡೂಣು,” ಎಂದರು ನರ್ಸ್ ಎಸ್ತೇರಮ್ಮ, ದಿನವೂ ಹೇಳುವ ಮಾತಿನಂತೆ. “ಮಾರ್ಫಿನ್ ನೀ ನುಂಗು, ಅವರ ಕೈ ಹಿಡಕೊಂಡು ಕೂಡು. ಆರಾಮ ಅವರಿಗೆ ಮುಟ್ಟತೈತಿ. ಆದ್ರ ಆ ಕೈಗೆ ನಿನ್ನ ಕೈ ರೂಢಿ ಇರಬೇಕವಾ. ಹೊಸಬರ ಕೈಯಿಂದ ಹೋಗಂಗಿಲ್ಲ.”

ನನಗೆ ಹೆದರಿಕೆಯಾಯಿತು. ಯಾರನ್ನೂ ಮುಟ್ಟಿ ಮಾತಾಡಿಸಿದವಳಲ್ಲ ನಾನು. ಅತ್ತೆ ನನ್ನ ಕೈ ಹಿಡಿದದ್ದೂ ನನ್ನ ನಾಲ್ಕನೆಯ ವಯಸ್ಸಿನಲ್ಲಿ ಮಾತ್ರ, ಪಾಟಿಯ ಮೇಲೆ ಅಕ್ಷರ ತಿದ್ದಿಸುವಾಗ. ಅಷ್ಟು ರೂಢಿ ಸಾಕಾದೀತೆ?

ಮಾತ್ರೆ ನುಂಗಿ, ಅವಳ ಬಿಗಿದ ಮುಷ್ಟಿಯನ್ನು ಗಟ್ಟಿಯಾಗಿ ಹಿಡಿದು ಕುಳಿತೆ. ಅರ್ಧ ಗಂಟೆಯಾದರೂ ಅತ್ತೆ ನರಳುತ್ತಲೇ ಇದ್ದಳು. ಎಸ್ತೇರಮ್ಮ ಎರಡು ಸಲ ಗಡಿಯಾರ ನೋಡಿದರು.

ಆಮೇಲೆ ಮುಷ್ಟಿ ಮೆಲ್ಲಗೆ ಬಿಚ್ಚಿತು. ಅವಳ ಬೆರಳುಗಳು ನನ್ನ ಬೆರಳುಗಳ ಮೇಲೆ ಬಂದು ಕೂತವು.

“ಸಡ್ಲ ಹಿಡೀ, ಹುಚ್ಚಿ,” ಎಂದಳು, ಕಣ್ಣು ತೆರೆಯದೆ. “ಬಳಪ ಮುರದೀತು.”

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಸೊಟ್ಟಗಿವೆ. ಬಲಗೈ ಇನ್ನೂ ಅವಳ ಕೈಯಲ್ಲಿದೆ.