ಹತ್ತು ಸುತ್ತು

ಮೇಷ್ಟ್ರು ಸೀಟಿ ಊದಿ, ಎಲ್ಲರೂ ಓಡಿ ಎಂದರು. ಮೂರನೇ ತರಗತಿಯ ಇಪ್ಪತ್ತೆರಡು ಮಕ್ಕಳಲ್ಲಿ ಒಬ್ಬರೂ ಕದಲಲಿಲ್ಲ. ಮುಂದಿದ್ದವರು ಮುಖ ಮುಖ ನೋಡಿಕೊಂಡರು. ಹಿಂದೆ ಯಾರೋ ಆಗಲೇ ಮೂಗೆಳೆಯತೊಡಗಿದ್ದರು. ಕೊನೆಗೆ, ಶಾಲೆಯೆಲ್ಲ ಚಿನಕುರಳಿ ಎಂದು ಕರೆಯುವ ಹುಡುಗಿ ಕೈ ಎತ್ತಿದಳು.

"ಸಾರ್, ನಾವೇನ್ ತಪ್ಪು ಮಾಡಿದ್ವಿ?"

ಮೇಷ್ಟ್ರು ಸೀಟಿಯನ್ನು ಜೇಬಿಗೆ ಹಾಕಿದರು. ಇಪ್ಪತ್ತಾರು ವರ್ಷಗಳಿಂದ ಆ ಮೈದಾನದಲ್ಲಿ ಓಡಿದವರೆಲ್ಲ ತಪ್ಪು ಮಾಡಿದವರೇ. ತಡವಾಗಿ ಬಂದರೆ ಎರಡು ಸುತ್ತು, ಮಗ್ಗಿ ಮರೆತರೆ ಐದು, ಎದುರು ಮಾತಾಡಿದರೆ ಹತ್ತು. ಬೆತ್ತ ಹಿಡಿದವರಲ್ಲ ಅವರು. ಒಂದು ಮಗುವಿನ ಮೈಯನ್ನೂ ಮುಟ್ಟಿಲ್ಲ ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ಕಾಂಪೌಂಡ್ ಗೋಡೆಯ ಉದ್ದಕ್ಕೂ ಮಾತ್ರ ಒಂದು ಹುಲ್ಲುಕಡ್ಡಿಯೂ ಹುಟ್ಟದಂತೆ ನೆಲ ಸವೆದಿತ್ತು.

ಕಳೆದ ವಾರ ನಾಲ್ಕು ದಿನ ಮೇಷ್ಟ್ರುಗಳಿಗೆ ತರಬೇತಿ ನಡೆದಿತ್ತು, ಮಕ್ಕಳಲ್ಲಿ ಆರೋಗ್ಯದ ಅಭ್ಯಾಸ ಬೆಳೆಸುವುದು ಹೇಗೆಂದು. ಕರಿದ ತಿಂಡಿ ಕೆಟ್ಟದ್ದು ಎಂದು ಪಾಠ ಹೇಳಿದವರೇ ವಿರಾಮದಲ್ಲಿ ತಟ್ಟೆ ತುಂಬ ಕರಿದದ್ದನ್ನೇ ಕೊಟ್ಟರು. ವ್ಯಾಯಾಮದ ಮಹಿಮೆಯನ್ನು ಮೂರು ಗಂಟೆ ಕುರ್ಚಿಗೆ ಅಂಟಿಕೊಂಡು ಕೇಳಿದ್ದಾಯಿತು. ಆದರೆ ಕೊನೆಯ ದಿನ ತರಬೇತಿಯ ಮೇಡಂ ಒಂದು ಪ್ರಶ್ನೆ ಕೇಳಿದರು: ನಿಮ್ಮ ಮಕ್ಕಳು ಯಾವಾಗ ಓಡುತ್ತಾರೆ? ಉಳಿದವರು ಪಟಪಟ ಉತ್ತರ ಕೊಟ್ಟರು. ಮೇಷ್ಟ್ರಿಗೆ ಗೋಡೆಯ ಬದಿಯ ಸವೆದ ನೆಲ ನೆನಪಾಯಿತು. ಅಂದಿನಿಂದ ಅವರಿಗೊಂದೇ ಹಟ. ಈ ಮಕ್ಕಳು ಒಂದು ಸಲವಾದರೂ ಖುಷಿಗೆ ಓಡಬೇಕು. ಇವತ್ತು ಹನ್ನೊಂದಕ್ಕೆ ಮೇಡಂ ನೋಡಲು ಬರುವವರಿದ್ದರು.

ಯಾರೂ ತಪ್ಪು ಮಾಡಿಲ್ಲ, ಓಡಿದರೆ ಮೈಗೆ ಒಳ್ಳೆಯದು, ಇದು ಆಟ ಎಂದು ಅವರು ಬಿಡಿಸಿ ಬಿಡಿಸಿ ಹೇಳಿದರು. ಮಕ್ಕಳು ತಲೆಯಾಡಿಸಿದರು, ನಂಬಲಿಲ್ಲ. ಓಡುವ ಬದಲು ಏಳರ ಮಗ್ಗಿ ಒಪ್ಪಿಸುತ್ತೇನೆ ಎಂದು ಒಬ್ಬ ಚೌಕಾಸಿಗಿಳಿದ. ಮೇಷ್ಟ್ರಿಗೆ ಇನ್ನೇನೂ ತೋಚಲಿಲ್ಲ. ಚಪ್ಪಲಿ ಬಿಟ್ಟು, ಪ್ಯಾಂಟಿನ ಅಂಚು ಮಡಿಚಿ, ತಾವೇ ಓಡಲು ಹೊರಟರು.

ಮೊದಲ ಸುತ್ತಿಗೇ ಹೊಟ್ಟೆ ಒಂದು ಕಡೆ, ಉಸಿರು ಒಂದು ಕಡೆಯಾಯಿತು. ಎರಡನೆಯದಕ್ಕೆ ಮಂಡಿ ಕೈಕೊಟ್ಟಿತು. ಆದರೂ ಕುಂಟುತ್ತಾ ಓಡಿದರು. ಮಕ್ಕಳು ನಿಂತು ನೋಡುತ್ತಿದ್ದರು. ಚಿನಕುರಳಿಗೆ ತಡೆಯಲಾಗಲಿಲ್ಲ, ಓಡಿಬಂದು ಪಕ್ಕದಲ್ಲಿ ಹೆಜ್ಜೆ ಹಾಕಿದಳು.

"ಎಷ್ಟು ಸುತ್ತು ಸಾರ್ ನಿಮಗೆ?"

"ಹತ್ತು ಅಂದ್ಕೋ," ಎಂದರು ಮೇಷ್ಟ್ರು ಏದುಸಿರಿನಲ್ಲಿ.

"ಯಾರು ಓಡು ಅಂದಿದ್ದು?"

"ತರಬೇತಿ ಮೇಡಂ ಕಣಮ್ಮ. ಈಗ ಬರ್ತಾರೆ ನೋಡೋಕೆ."

ಅವಳು ಓಡುತ್ತಲೇ ಇನ್ನಷ್ಟು ಹತ್ತಿರ ಸರಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. "ಎದುರು ಮಾತಾಡಿದ್ರಾ ಸಾರ್?"

ಮೇಷ್ಟ್ರು ನಗುವುದಕ್ಕೂ ಉಸಿರು ಸಾಲದೆ ಕೆಮ್ಮಿದರು. ಅಷ್ಟರಲ್ಲಿ ಅವಳು ಹಿಂದಿರುಗಿ ಓಡಿ, ಸಾರ್‌ಗೆ ಹತ್ತು ಬಿದ್ದಿದೆ, ಎಲ್ಲರೂ ಹಂಚಿಕೊಂಡರೆ ಬೇಗ ಮುಗಿಯುತ್ತದೆ ಎಂದು ಸಾರಿಬಿಟ್ಟಿದ್ದಳು. ಇಪ್ಪತ್ತೊಂದು ಮಕ್ಕಳು ದಬದಬನೆ ನುಗ್ಗಿ ಬಂದರು. ಇಬ್ಬರು ಕೈ ಹಿಡಿದು ಎಳೆದರು, ನಾಲ್ವರು ಬೆನ್ನಿಗೆ ಕೈಕೊಟ್ಟು ತಳ್ಳಿದರು. ಯಾರದೋ ಬೂಟು ಹಾರಿತು, ಯಾರೋ ಬಿದ್ದು ಎದ್ದರು, ನಗು ಒಬ್ಬರಿಂದೊಬ್ಬರಿಗೆ ಹತ್ತಿಕೊಂಡಿತು. ಮೇಷ್ಟ್ರು ನಡುವೆ ಎಲ್ಲಿದ್ದಾರೆಂದೇ ಕಾಣುತ್ತಿರಲಿಲ್ಲ.

ಗೇಟಿನ ಬಳಿ ಮೇಡಂ ಬಂದು ನಿಂತಿದ್ದರು. ಎಷ್ಟೋ ಶಾಲೆ ನೋಡಿದ ಹೆಂಗಸು, ಬರೆಯಲು ತೆಗೆದ ಪೆನ್ನನ್ನು ಮರೆತು ನೋಡುತ್ತಿದ್ದರು. ಗುಂಪಿನಿಂದ ಚಿನಕುರಳಿ ಕಳಚಿಕೊಂಡು ಬಂದಳು. ಕೆಂಪೇರಿದ ಮುಖ, ಹಣೆಗೆ ಅಂಟಿದ ಕೂದಲು. ಓಡುವುದು ಖುಷಿಯಾಯಿತೇ ಎಂದು ಕೇಳಲು ಮೇಡಂ ಬಗ್ಗಿದರು. ಅವಳು ಅವರ ಸೆರಗಿನ ತುದಿ ಹಿಡಿದುಕೊಂಡಳು.

"ಸಾಕು, ಬಿಟ್ಬಿಡಿ ಮಿಸ್. ಇನ್ಮೇಲೆ ಹಂಗೆ ಮಾಡಲ್ಲ ಅವರು."