ಸರೋವರದಿಂದ ಎತ್ತಿದ ವಿಮಾನ

ಕಾಕ್‌ಪಿಟ್ಟಿನೊಳಗೆ ತಲೆ ತೂರಿಸಿದ ಮೇಸ್ತ್ರಿ ಐದು ನಿಮಿಷವಾದರೂ ಹೊರಗೆ ತೆಗೆಯಲಿಲ್ಲ.

"ಏನ್ರೀ ಕಾಣ್ತಿದೆ?" ಕೆಳಗಿನಿಂದ ಮ್ಯೂಸಿಯಂ ನಿರ್ದೇಶಕರು ಕೇಳಿದರು.

"ಕೆಸರು ಸರ್."

"ಅದು ನನಗೂ ಕಾಣ್ತಿದೆ. ಬೆಲ್ಟು?"

"ಕೈಗೆ ಸಿಕ್ಕಿದೆ. ಕಣ್ಣಿಗೆ ಬಿದ್ದಿಲ್ಲ."

ಮೇಸ್ತ್ರಿ ಏಣಿ ಇಳಿದು ಕೊನೆಯ ಮೆಟ್ಟಿಲ ಮೇಲೇ ಕೂತುಬಿಟ್ಟ. ಮಂಡಿ ಮಾತು ಕೇಳುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಈ ಶೆಡ್ಡಿನಲ್ಲಿ ಹಳೆಯ ಯುದ್ಧವಿಮಾನಗಳ ರಿಪೇರಿ ಮಾಡಿ ಮಾಡಿ, ಈಗ ಅವನನ್ನೇ ಯಾರಾದರೂ ರಿಪೇರಿ ಮಾಡಬೇಕಾಗಿತ್ತು.

ಎದುರಿಗಿದ್ದದ್ದು ಗಡಿಯ ಸರೋವರದ ತಳದಿಂದ ಹೋದ ತಿಂಗಳು ಎತ್ತಿ ತಂದ ಒಂಟಿ ಸೀಟಿನ ಫೈಟರ್. ನಲವತ್ತೊಂದು ವರ್ಷ ನೀರಿನಲ್ಲಿ ಮುಳುಗಿದ್ದದ್ದು. ಆ ಜಾತಿಯವು ಪ್ರಪಂಚದಲ್ಲಿ ಇನ್ನು ಎರಡೋ ಮೂರೋ ಉಳಿದಿವೆ. ಗಡಿಯಾಚೆಯ ಸಂಗ್ರಹಕಾರನೊಬ್ಬ, ಶೆಡ್ಡಿನವರ ಬಾಯಲ್ಲಿ 'ಸಾಹುಕಾರ', ಇದಕ್ಕೆ ಬದಲಾಗಿ ತನ್ನ ನಾಲ್ಕು ಎಂಜಿನ್ನಿನ ಬಾಂಬರ್ ಕೊಡಲು ಒಪ್ಪಿದ್ದ. ಈಗಲೂ ಹಾರುವ ಬಾಂಬರ್! ನಿರ್ದೇಶಕರು ಎಂಟು ವರ್ಷ ಪತ್ರ ಬರೆದು ಬರೆದು ಸಂಪಾದಿಸಿದ ಒಪ್ಪಿಗೆ ಅದು. ಮೇಸ್ತ್ರಿಗೂ ಆಸೆ ಕಡಿಮೆಯಿರಲಿಲ್ಲ. ಆ ಎಂಜಿನ್ನುಗಳಲ್ಲಿ ಒಂದನ್ನಾದರೂ ಬಿಚ್ಚಿ ಜೋಡಿಸಿದ ಮೇಲೇ ನಿವೃತ್ತಿ ಎಂದು ಮನೆಯಲ್ಲಿ ಹೇಳಿಟ್ಟಿದ್ದ. ಶೆಡ್ಡಿನ ಅರ್ಧ ಜಾಗವನ್ನು ಖಾಲಿ ಮಾಡಿಸಿಯೂ ಆಗಿತ್ತು.

ಅಡ್ಡಿ ಒಂದೇ. ಪೈಲಟ್ ಒಳಗೇ ಸತ್ತಿದ್ದರೆ ವಿಮಾನ ಸಮಾಧಿಯಾಗುತ್ತದೆ. ಸಮಾಧಿಯನ್ನು ಗಡಿ ದಾಟಿಸುವಂತಿಲ್ಲ. ಕಾಕ್‌ಪಿಟ್ಟಿನ ಗಾಜು ಒಡೆದು, ನೀರೂ ಮೀನೂ ಸೇರಿ ಮೂಳೆಯ ಚೂರನ್ನೂ ಉಳಿಸಿರಲಿಲ್ಲ. ಇಂಥಲ್ಲಿ ಈ ಕಸುಬಿನವರು ನೋಡುವುದು ಸೀಟಿನ ಬೆಲ್ಟನ್ನು. ಹಾಕಿದ್ದರೆ ಮನುಷ್ಯ ವಿಮಾನದ ಜೊತೆಗೇ ಮುಳುಗಿದ. ಬಿಚ್ಚಿದ್ದರೆ ಹಾರಿಕೊಂಡು ಜೀವ ಉಳಿಸಿಕೊಂಡ.

ಬಾಗಿಲ ಹೊರಗಿನ ಬೆಂಚಿನಲ್ಲಿ ಪೈಲಟ್‌ನ ಹೆಂಡತಿ ಬೆಳಗಿನಿಂದ ಕೂತಿದ್ದಳು. ಅರವತ್ತೈದು ದಾಟಿದ ಹೆಂಗಸು. ಗಂಡ ಸತ್ತ ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಆಚೆ ದಡದಲ್ಲಿ ಬೇರೆ ಸಂಸಾರ ಹೂಡಿದ್ದಾನೆ ಎಂದು ಹೇಳಿದವರು ಮಾತ್ರ ಬೇಕಾದಷ್ಟು ಜನ.

ಮೇಸ್ತ್ರಿ ನೀರು ಕುಡಿಯಲು ಹೋದಾಗ ಆಕೆ ಎದ್ದು ನಿಂತಳು.

"ಮೇಸ್ತ್ರಿಗಳೇ, ಓಡಿಹೋದವನ ಹೆಂಡತಿ ಅನ್ನಿಸಿಕೊಂಡು ನಲವತ್ತೊಂದು ವರ್ಷ ಆಯ್ತು. ಅತ್ತೆ ಮಗನನ್ನ ಬೈಕೊಂಡೇ ಕಣ್ಣು ಮುಚ್ಚಿದ್ರು. ಮಗಳು ಅಪ್ಪ ಅನ್ನೋ ಮಾತನ್ನೇ ಬಿಟ್ಲು. ನಮ್ಮನೆಯವರು ಅಂಥವರಲ್ಲ ಅಂತ ಎಲ್ಲರ ಹತ್ರ ಜಗಳ ಆಡಿದವಳು ನಾನೊಬ್ಬಳೇ. ಈಗ ಸಾಕಾಗಿದೆ."

"ಇನ್ನು ಸ್ವಲ್ಪ ಹೊತ್ತು ಅಮ್ಮಾ. ಗೊತ್ತಾಗುತ್ತೆ."

"ಅಲ್ಲೇ ಸತ್ತಿದ್ರೆ ಒಂದು ಸಲ ಅತ್ತು ಮುಗಿಸ್ತೀನಿ. ಇಲ್ಲಾಂದ್ರೆ…"

ಮೇಸ್ತ್ರಿ ನೀರು ಕುಡಿಯದೆಯೇ ಲೋಟ ಕೆಳಗಿಟ್ಟು ಹೊರಟ. ಅಷ್ಟರಲ್ಲಿ ನಿರ್ದೇಶಕರು ಅವನ ತೋಳು ಹಿಡಿದು ವಿಮಾನದ ರೆಕ್ಕೆಯ ಮರೆಗೆ ಕರೆದೊಯ್ದರು.

"ಸಾಹುಕಾರ ಬರೋ ಹೊತ್ತಾಯ್ತು. ತಾನೇ ಹತ್ತಿ ನೋಡ್ತಾನಂತೆ. ಬೆಲ್ಟು ಹೇಗಿರಬೇಕೋ ಹಾಗಿರಲಿ. ತಿಳೀತಲ್ಲ?"

"ತಿಳೀತು ಸರ್. ಹತ್ತು ನಿಮಿಷ ಎಲ್ಲರನ್ನೂ ಹೊರಗೆ ಕಳಿಸಿ. ಬಕಲ್ಲು ತುಕ್ಕು ಹಿಡಿದಿದೆ."

ನಿರ್ದೇಶಕರ ಮುಖ ಅರಳಿತು. "ತುಕ್ಕು ನಿಮಗೇನು ಹೊಸದೇ!"

ಎಣ್ಣೆ ಡಬ್ಬಿ, ಸಣ್ಣ ಇಕ್ಕಳ ಹಿಡಿದು ಮೇಸ್ತ್ರಿ ಮತ್ತೆ ಏಣಿ ಹತ್ತಿದ. ಶೆಡ್ಡಿನ ಬಾಗಿಲು ಮುಚ್ಚಿತು. ಒಳಗೆ ಲೋಹ ಕೆರೆಯುವ ಸದ್ದು, ಒಂದು ನಿಟ್ಟುಸಿರು, ಮತ್ತೆ ಕೆರೆತ. ಹೊರಗೆ ನಿರ್ದೇಶಕರು ಗಡಿಯಾರ ನೋಡಿಕೊಂಡು ಮೀಸೆಯಡಿಯಲ್ಲೇ ನಗುತ್ತಿದ್ದರು. ಕೊನೆಗೆ ಮೇಸ್ತ್ರಿ ಬಾಗಿಲು ತೆರೆದ. ಅಂಗಿ ಬೆವರಿಗೆ ಅಂಟಿಕೊಂಡಿತ್ತು, ಉಗುರುಗಳಲ್ಲಿ ಕೆಸರು. ಬೆಂಚಿನ ಕಡೆಗೆ ಅವನು ಅಪ್ಪಿತಪ್ಪಿಯೂ ನೋಡಲಿಲ್ಲ. ತಪ್ಪು ಮಾಡಿದವನ ಮುಖ ಎಲ್ಲಿದ್ದರೂ ಗುರುತು ಸಿಗುತ್ತದೆ.

ಸಾಹುಕಾರ ಬಂದ. ಟಾರ್ಚು ಹಿಡಿದು ಹತ್ತಿದ. ತನ್ನ ಕರವಸ್ತ್ರದಿಂದಲೇ ಕೆಸರು ಒರೆಸಿ ಒರೆಸಿ ನೋಡಿದ. ಬಹಳ ಹೊತ್ತಾದ ಮೇಲೆ ತಲೆಯ ಟೋಪಿ ತೆಗೆದು ಎದೆಗೊತ್ತಿಕೊಂಡು ಇಳಿದವನು, ನಿರ್ದೇಶಕರನ್ನು ದಾಟಿಕೊಂಡು ನೇರ ಬೆಂಚಿನ ಬಳಿ ಹೋಗಿ ಆ ಹೆಂಗಸಿನ ಮುಂದೆ ತಲೆಬಾಗಿ ನಿಂತ. ಭಾಷೆ ಬೇಕಾಗಲಿಲ್ಲ.

ಬೆಲ್ಟು ಹಾಕಿತ್ತು.

ಆಕೆ ಮೊದಲು ಅಳಲಿಲ್ಲ. ಮಗಳಿಗೆ ಫೋನು ಮಾಡಿದಳು. "ನಿಮ್ಮಪ್ಪ ಎಲ್ಲೂ ಹೋಗಿರಲಿಲ್ಲ ಕಣೇ. ಅಲ್ಲೇ ಇದ್ರು. ಇಷ್ಟು ವರ್ಷವೂ ಅಲ್ಲೇ ಇದ್ರು." ಆಮೇಲೆ ಗೊಳೋ ಎಂದು ಅತ್ತಳು. ಅತ್ತು, ಮುಖ ಒರೆಸಿಕೊಂಡು, ಮೇಸ್ತ್ರಿಯ ಕೆಸರುಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಸಾಹುಕಾರನ ಕಾರು ಹೋಯಿತು. ಅದರ ಜೊತೆಗೇ ಬಾಂಬರ್ ಕೂಡ ಹೋದ ಹಾಗೆ.

"ನಿಮ್ಮ ಕೈಲಿತ್ತಲ್ರೀ!" ನಿರ್ದೇಶಕರು ಹಲ್ಲು ಕಡಿದರು. "ಎಂಟು ವರ್ಷದ ಕೆಲಸ ನೀರುಪಾಲು! ಅಷ್ಟು ಹೊತ್ತು ಒಳಗೆ ಕೂತಿದ್ದು ಹಾಗೇ ಬಿಟ್ಟು ಬಂದ್ರಾ? ಇವತ್ತೇ ಬೇಕಿತ್ತಾ ನಿಮ್ಮ ಸತ್ಯವಂತಿಕೆ?"

ಮೇಸ್ತ್ರಿ ನಲ್ಲಿಯ ಬಳಿ ಹೋಗಿ ಕೈ ತೊಳೆದುಕೊಂಡ. ಆ ಬಾಂಬರ್‌ಗಾಗಿ ಅವನಿಗೆ ನಿಜವಾಗಿಯೂ ದುಃಖವಾಗಿತ್ತು. ಬೆರಳುಗಳಲ್ಲಿ ಶಕ್ತಿಯೇ ಉಳಿದಿರಲಿಲ್ಲ.

ನಲವತ್ತೊಂದು ವರ್ಷದಿಂದ ಬಿಚ್ಚಿಕೊಂಡು ಸೀಟಿನ ಆಚೆಗೊಂದು ಈಚೆಗೊಂದು ಬಿದ್ದಿದ್ದ ಬೆಲ್ಟನ್ನು ಎಳೆದು ತಂದು ಬಕಲ್ಲು ಹಾಕುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿ ಹೋಗಿತ್ತು.