ಗಂಟಲಲ್ಲಿ ನಿಂತ ಮಾತು

ಆ ಊರಲ್ಲಿ ಹೆಣ್ಣುಮಕ್ಕಳ ಗಂಟಲಿಗೆ ಯಂತ್ರ ಕೂರಿಸುವುದು ಕಿವಿ ಚುಚ್ಚಿಸುವಷ್ಟೇ ಮಾಮೂಲು. ಆಡಿದ ಮಾತೆಲ್ಲ ಅದರಲ್ಲಿ ಸೇರುತ್ತಾ ಹೋಗಿ, ಯಂತ್ರ ತುಂಬಿದಾಗಲೇ ಒಟ್ಟಿಗೆ ಹೊರಬರುತ್ತಿತ್ತು.

ನಿಶ್ಚಿತಾರ್ಥದ ದಿನ ಚಿಕ್ಕಪ್ಪ ಸುಗುಣಾಳನ್ನು ಕೇಳಿದ, "ಗಂಡು ಒಪ್ಪಿಗೇನಮ್ಮ?"

"ಬೇಡ" ಎಂದಳು. ತುಟಿ ಆಡಿತು, ಸದ್ದು ಬರಲಿಲ್ಲ.

"ಯಂತ್ರ ತುಂಬೋದ್ರೊಳಗೆ ತಟ್ಟೆ ಬದಲಾಯಿಸ್ಬಿಡಿ!" ಚಿಕ್ಕಪ್ಪ ನಕ್ಕ. ಎಲ್ಲರೂ ನಕ್ಕರು. ಗಂಡು ಬೋಂಡಾ ತಿಂದ ಎಣ್ಣೆಗೈಯಲ್ಲೇ ಅವಳ ಗಲ್ಲ ಹಿಂಡಿದ.

ಯಂತ್ರ ತುಂಬಲೆಂದು ಅವಳು ಬದನೆ, ಬೆಂಡೆ, ಹೀರೆ, ಮೂಲಂಗಿ ಎಂದು ಬಾಯಿಗೆ ಬಂದದ್ದನ್ನೆಲ್ಲ ಹೇಳತೊಡಗಿದಳು. ತಟ್ಟೆ ಕೈಬದಲಾಗುವ ಮೊದಲೇ "ಬೇಡ!" ಎಂಬ ಮಾತು ಸಿಡಿಯಿತು, ಹಿಂದೆಯೇ ತರಕಾರಿಯೆಲ್ಲ.

ಚಿಕ್ಕಪ್ಪ ಹೊಡೆಯಲು ಕೈಯೆತ್ತಿದ. ಸುಗುಣಾ ಅಮ್ಮನತ್ತ ತಿರುಗಿದಳು. ಬಾಗಿಲಲ್ಲಿ ನಿಂತಿದ್ದ ಅಮ್ಮ ಕೂಡ ಸದ್ದಿಲ್ಲದೆ, ಬೇಗಬೇಗ ತುಟಿಯಾಡಿಸುತ್ತಾ ತನ್ನ ಯಂತ್ರ ತುಂಬಿಸಿಕೊಳ್ಳುತ್ತಿದ್ದಳು.